ಸೊಸೆಗೆ ಹೆಸರಿಟ್ಟವಳು

ಆಕೆ ತೀರಿಕೊಂಡ ನಾಲ್ಕನೆಯ ದಿನ ಒಬ್ಬ ಪೊಲೀಸಿನವ ನನ್ನ ಅಂಗಡಿಗೆ ಬಂದು ಆಕೆಯ ಮನೆ ಎಲ್ಲಿ ಎಂದು ಕೇಳಿದ. ಕೈಯಲ್ಲಿ ಫೈಲು, ಫೈಲಿನಲ್ಲಿ ನಾನೇ ಟೈಪು ಮಾಡಿದ ಅರ್ಜಿ. ಮನೆಯ ಮಾಲೀಕಳಾದ ಆಕೆ ಖುದ್ದಾಗಿ ಹಾಜರಿದ್ದು, ಈ ವಿದೇಶಿ ಹೆಂಗಸು ನನ್ನ ಸೊಸೆ, ಇವಳು ನನ್ನ ಮನೆಯಲ್ಲಿ ಇರುವುದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಅವನೆದುರು ಸಹಿ ಮಾಡಬೇಕಿತ್ತಂತೆ. ಆ ಒಂದು ಸಹಿ ಕೇಳುವವರು ಬರಲಿ ಎಂದು ಆಕೆ ಹತ್ತು ತಿಂಗಳು ಹೊಸ್ತಿಲಲ್ಲಿ ಕೂತು ದಾರಿ ಕಾದಿದ್ದಳು.

"ಅವ್ರು ಎಲ್ಲಿ ಸಿಗ್ತಾರ್ರಿ ಮೇಡಮ್?" ಎಂದ.

"ರುದ್ರಭೂಮ್ಯಾಗ ಸಿಗ್ತಾಳ. ಜಲ್ದಿ ಹೋಗ್ರಿ, ಮಣ್ಣ ಇನ್ನೂ ಹಸಿ ಐತಿ," ಎಂದೆ.

ಪಾಪ, ಅವನ ತಪ್ಪೇನೂ ಇರಲಿಲ್ಲ. ಫೈಲು ಅವನ ಕೈಗೆ ಬಂದದ್ದೇ ಹಿಂದಿನ ಸಂಜೆ. ಟೋಪಿ ತೆಗೆದ, ನಾನು ಕೊಟ್ಟ ನೀರು ಕುಡಿದ, ಹೋದ. ಸಿಟ್ಟು ಯಾವಾಗಲೂ ಎದುರಿಗೆ ಸಿಕ್ಕವರ ಮೇಲೆಯೇ ಹೋಗುತ್ತದೆ. ಸಿಗಬೇಕಾದವರು ಒಳಗಿನ ಕೋಣೆಯಲ್ಲಿ ಮೀಟಿಂಗಿನಲ್ಲಿರುತ್ತಾರೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ.

ಗದಗಿನಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಮನೆ ಬೆಟಗೇರಿಯಲ್ಲಿ, ಆಕೆಯ ಮನೆಯಿಂದ ಮೂರನೆಯದು. ಓಣಿಯವರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆವು. ಆಳು ಗಿಡ್ಡ, ನಡಿಗೆ ಮಾತ್ರ ಎಂಥ ಉದ್ದನೆಯವರನ್ನೂ ಹಿಂದೆ ಹಾಕುವಂಥದು. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯ್ದವಳು. ಗಂಡ ಬೇಗ ಹೋಗಿದ್ದ. ಒಬ್ಬನೇ ಮಗ, ಈರಣ್ಣ. ದೊಡ್ಡವ್ವನ ಬಾಯಿ ಬಲು ಜೋರು, ಕೈ ಮಾತ್ರ ಮೆತ್ತಗೆ. ಕಡಿದ ಎಳೆಗೆ ಆಕೆ ಹಾಕಿದ ಗಂಟು ಬೆರಳಾಡಿಸಿದರೂ ಸಿಗುತ್ತಿರಲಿಲ್ಲ. "ಎಳಿ ಕಡದ್ರ ಗಂಟ ಹಾಕು, ಮಗ್ಗಾ ಬೈಬ್ಯಾಡ" ಎನ್ನುವುದು ಆಕೆಯ ಮಾತು. ಯಾರು ಯಾವ ಗೋಳು ತಂದರೂ ಇದೊಂದೇ ಔಷಧ. ನನ್ನ ಗಂಡನ ನೌಕರಿ ಹೋದಾಗ ನನಗೂ ಇದನ್ನೇ ಕುಡಿಸಿದ್ದಳು. ಕೊನೆಯ ವರ್ಷಗಳಲ್ಲಿ ಮಾತ್ರ ಆಕೆಯೇ ಈ ಮಾತು ಮುರಿದಳು. ಮಗ್ಗವನ್ನು ಬೈದಳು, ಮಗ್ಗ ಮಾಡಿದ ಬಡಿಗನನ್ನೂ ಬೈದಳು.

ಈರಣ್ಣ ಕುವೈತಿಗೆ ಹೋಗಿ ಪರದೆ ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಿದ್ದ. ಅಲ್ಲಿಯೇ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು ಶ್ರೀಲಂಕಾದ ಹುಡುಗಿ ನಿಲ್ಮಿಣಿ. ಇಬ್ಬರೂ ಒಟ್ಟಿಗೆ ಬೆಟಗೇರಿಗೆ ಬಂದಿಳಿದಾಗ ಅವಳ ಕೈಯಲ್ಲಿದ್ದದ್ದು ತಿರುಗಾಡಲು ಬರುವವರಿಗೆ ಕೊಡುವ ಮೂರು ತಿಂಗಳ ವೀಸಾ. ಮಗ ಹೆದರಿಕೊಂಡು ಬಾಗಿಲ ಹೊರಗೇ ನಿಂತಿದ್ದ. ದೊಡ್ಡವ್ವ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಎರಡೂ ಕೈ ಹಿಡಿದು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದಳು. "ಬೆರಳ ಛಲೋ ಅದಾವು. ನೇಯಾಕ ಕಲೀತಾಳ," ಎಂದಳು. ಒಪ್ಪಿಗೆ ಎಂದರೆ ಅಷ್ಟೇ.

ಮನೆಯ ಮುಂದಿನ ಹಂದರದಲ್ಲೇ ಮದುವೆ. ಮದುಮಕ್ಕಳಿಗೆ ಸುರಗಿಯ ನೀರು, ಅಂದರೆ ಮದುವೆಯ ಸ್ನಾನದ ನೀರು, ಹಾಕಲು ಐದು ಮಂದಿ ಮುತ್ತೈದೆಯರು ಬೇಕು. ಓಣಿಯಿಂದ ನಾನು. ಉಳಿದ ನಾಲ್ವರು ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು. ಆಕೆ ಸೀರೆಯ ಗಂಟು ಹೊತ್ತು ಮನೆ ಮನೆ ಮಾರಲು ಹೋಗುತ್ತಿದ್ದಾಗ ಗೆಳತಿಯರಾದವರು. ಅಕ್ಕಿ ಹರವಿದ ತಾಟಿನಲ್ಲಿ ಮದುಮಗ ಹೆಂಡತಿಯ ಹೊಸ ಹೆಸರು ಬರೆಯುವ ಹೊತ್ತು ಬಂತು. ನಮ್ಮ ಕಡೆ ಹೆಣ್ಣು ತವರಿನ ಹೆಸರನ್ನು ತವರಲ್ಲೇ ಬಿಟ್ಟು ಬರುತ್ತಾಳೆ, ಗಂಡನ ಮನೆಯವರು ಬೇರೆ ಹೆಸರಿಡುತ್ತಾರೆ. ದೊಡ್ಡವ್ವ ಮುಂದೆ ಬಂದದ್ದನ್ನು ನೋಡಿ ಯಾರೋ ಹಿರಿಯರು, ಗಂಡನಿಲ್ಲದಾಕೆ ಹಿಂದೆ ನಿಲ್ಲಲಿ ಎಂದರು.

"ಹೆಸರ ಇಡಾಕ ಕುಂಕುಮ ಯಾಕ ಬೇಕ್ರಿ? ಬಾಯಿ ಇದ್ರ ಸಾಕು," ಎಂದು ಆಕೆ ಹಂದರದ ನಟ್ಟನಡುವೆ ಬಂದು ನಿಂತಳು. "ನೀರ ದಾಟಿ ಬಂದಾಳ. ಗಂಗಾ ಅಂತ ಬರಿಯೋ ಈರಣ್ಣಾ."

ಹೊಸ ಸೊಸೆ ಒಳಗೆ ಕಾಲಿಡುವ ಮೊದಲು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳುವುದು ನಮ್ಮ ಪದ್ಧತಿ. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಿದರೆ ಮಾತ್ರ ದಾರಿ. ಆಗ ಗಂಗಾಳಿಗೆ ಬರುತ್ತಿದ್ದದ್ದು ಹತ್ತೋ ಹನ್ನೆರಡೋ ಕನ್ನಡ ಶಬ್ದ. ದೊಡ್ಡವ್ವ ತಾನೇ ಒಂದು ಒಡಪು ಕಟ್ಟಿ, ಎಂಟು ದಿನ ಮಗ್ಗದ ಪಕ್ಕ ಕೂಡಿಸಿಕೊಂಡು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದಳು. ಹುಡುಗಿ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಮಗ್ಗಕ್ಕ ಬೇಕು ಹಾಸು, ಲಾಳಿಗಿ ಬೇಕು ಹೊಕ್ಕು,
ಈರಣ್ಣನವರ ಮನಿ ಹೊಸ್ತಲಾ ದಾಟೂದು ನನ್ನ ಹಕ್ಕು."

ನಾವು ಚಪ್ಪಾಳೆ ತಟ್ಟಿದೆವು. ದೊಡ್ಡವ್ವ ಮೂಗಿನ ತುದಿಗೆ ಸೆರಗು ಒತ್ತಿಕೊಂಡು, ಹೊಗೆ ಕಣ್ಣಿಗೆ ಹೋಯಿತು ಎಂದಳು. ಒಲೆ ಹಿತ್ತಲಲ್ಲಿತ್ತು.

ಅತ್ತೆ ಸೊಸೆ ಜಗಳವಾಡಲಿಲ್ಲ ಎಂದು ಯಾರೂ ತಿಳಿಯಬೇಡಿ. ದಿನಾ ಆಡುತ್ತಿದ್ದರು. ಸೊಸೆ ಎಲ್ಲದಕ್ಕೂ ಕೊಬ್ಬರಿ ಹಾಕುತ್ತಾಳೆ ಎಂದು ಆಕೆಯ ತಕರಾರು. ಅತ್ತೆ ಎಲ್ಲದಕ್ಕೂ ಶೇಂಗಾ ಹಿಂಡಿ ಹಾಕುತ್ತಾಳೆ ಎಂದು ಇವಳದು. ಒಮ್ಮೆ ಟ್ರಂಕಿನ ತಳದಲ್ಲಿ ಒಣಮೀನಿನ ಡಬ್ಬಿ ಸಿಕ್ಕಿತು. ಜನ್ಮದಲ್ಲಿ ತತ್ತಿ ಮುಟ್ಟದ ದೊಡ್ಡವ್ವ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು. ಹೊರಗೆ ಎಸೆಯುತ್ತಾಳೆ ಎಂದು ನಾನು ನೋಡುತ್ತಿದ್ದೆ. ಕೊನೆಗೆ ಅದನ್ನು ಮಗ್ಗದ ಕುಣಿಯೊಳಗೆ ಇಟ್ಟಳು. "ಇಲ್ಲಿ ಇಳದ ತಿನ್ನು. ಜಗಲಿ ಮ್ಯಾಲಿನ ದೇವ್ರಿಗೆ ಕುಣಿ ಕಾಣೂದಿಲ್ಲ," ಎಂದಳು.

ದೇವರಕೋಣೆಯ ಜಗಲಿಯ ಮೇಲೆ ದೇವರ ಜೊತೆ ಸೊಸೆಯ ಪಾಸ್‌ಪೋರ್ಟೂ ಇತ್ತು. ಮಹಾನವಮಿಗೆ ಮಗ್ಗ, ಲಾಳಿ, ಕತ್ತರಿಗಳಿಗೆ ಪೂಜೆ ಮಾಡುವಾಗ ಅದಕ್ಕೂ ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ಸೊಸೆಯನ್ನು ಮನೆಗೆ ತಂದ ಪುಸ್ತಕ ಅದು, ಪೂಜೆ ಬೇಡವೇ? ಅದನ್ನು ತೆರೆದು ಒಳಗಿನ ತಾರೀಖು ನೋಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ನನ್ನ ತಪ್ಪು ಬರುತ್ತದೆ. ಗಂಗಾ ಬಸುರಿಯಾದಾಗ ತಪಾಸಣೆಗೆ, ಹೆರಿಗೆಗೆ ಎಲ್ಲದಕ್ಕೂ ಆಧಾರ್ ಬೇಕೆಂದರು. ದೊಡ್ಡವ್ವ ವಾರ್ಡಿನ ಹಿರಿಯರೊಬ್ಬರಿಂದ, ಇವಳು ಗಂಗಾ, ಈರಣ್ಣನ ಹೆಂಡತಿ, ಇದೇ ಓಣಿಯವಳು ಎಂದು ಪತ್ರ ಬರೆಸಿಕೊಂಡು ನನ್ನ ಅಂಗಡಿಗೆ ಬಂದಳು. ಅರ್ಜಿ ತುಂಬಿದವಳು ನಾನು. ಅದರ ಬೆನ್ನಿಗೆ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುವ ಅರ್ಜಿ. ಅದನ್ನು ತುಂಬಿದವಳೂ ನಾನು. ಹುಟ್ಟಿದ ಊರು ಎಂಬ ಕಡೆ ಬೆಟಗೇರಿ ಎಂದು ಬರೆದೆ. ಮದುವೆಯಾದ ಹೆಣ್ಣಿಗೆ ಗಂಡನ ಊರೇ ಊರು ಎಂದು ನಮ್ಮಲ್ಲಿ ಎಳೆ ಮಕ್ಕಳೂ ಹೇಳುತ್ತವೆ. ಊರು ಬದಲಾದ ಹಾಗೆ ದೇಶವೂ ತಾನಾಗಿಯೇ ಬದಲಾಗುತ್ತದೆ ಎಂದು ಓಣಿಗೆ ಓಣಿಯೇ ನಂಬಿತ್ತು. ಬಿ.ಎ. ಮಾಡಿ, ದಿನಾ ನೂರು ಅರ್ಜಿ ಟೈಪು ಮಾಡುವ ನಾನೂ ನಂಬಿದ್ದೆ. ಆಕೆಗೆ ಗೊತ್ತಿರಲಿಲ್ಲ ಎಂದರೆ ಒಪ್ಪಬಹುದು. ನನಗೆ ಏನು ಧಾಡಿಯಾಗಿತ್ತು?

ಮೊಮ್ಮಗಳು ಹುಟ್ಟಿ ಮೂರು ವರ್ಷ ಕಳೆದ ಮೇಲೆ ಗಂಗಾಳ ತಾಯಿಗೆ ಆಪರೇಷನ್ ಎಂದು ಖಬರು ಬಂತು. ಹೋಗಿ ನೋಡಿ ಬರಲೆಂದು ಹುಬ್ಬಳ್ಳಿಯ ಟಿಕೆಟ್ ಏಜೆಂಟನ ಹತ್ತಿರ ಹೋದರು. ಅವನು ಪಾಸ್‌ಪೋರ್ಟಿನ ಮೇಲಿನ ವಿಭೂತಿ ಒರೆಸಿ ಒಳಗೆ ನೋಡಿ, ವೀಸಾ ಮುಗಿದು ನಾಲ್ಕು ವರ್ಷ ಹತ್ತಿರವಾಯಿತು ಎಂದ. ಹೀಗೇ ಹೋದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ, ಕಳಿಸಿದರೂ ಮತ್ತೆ ಈ ದೇಶಕ್ಕೆ ಬರಗೊಡುವುದಿಲ್ಲ ಎಂದ. ಅವತ್ತು ಸಂಜೆ ದೊಡ್ಡವ್ವ ನನ್ನ ಅಂಗಡಿಗೆ ಬಂದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು.

"ತಂಗಿ, ನನ್ನ ಸೊಸಿ ನಮ್ಮ ಮನ್ಯಾಗ ಇರಾಕ ಯಾರನ್ನ ಕೇಳಬೇಕು?"

ಕೇಳಬೇಕಾದವರು ಯಾರೆಂದು ನಾನು ಹುಡುಕಿದೆ. ಪರದೇಶದವರ ಕಾಗದ ನೋಡುವ ಒಂದು ಕಚೇರಿ ಸಿಕ್ಕಿತು. ಅದು ಯಾವ ಊರಲ್ಲಿದೆ, ಯಾರ ಕೈಯಲ್ಲಿದೆ ಎಂದು ಬರೆಯುವುದಿಲ್ಲ. ಬರೆದರೆ ನನ್ನ ಅಂಗಡಿಯ ಲೈಸೆನ್ಸು ತಪಾಸಣೆಗೆ ಬರುತ್ತದೆ. ಅದರ ವರಾಂಡದಲ್ಲಿ ನಾವು ಒಂದೂವರೆ ವರ್ಷ ಕೂತೆವು. ನಾವು ಎಂದರೆ ನಾನು ಮತ್ತು ದೊಡ್ಡವ್ವ. ಈರಣ್ಣನಿಗೆ ಸಮವಸ್ತ್ರ ಕಂಡರೆ ನಾಲಿಗೆ ಒಣಗುತ್ತಿತ್ತು. ಒಳ್ಳೆಯವನು, ಆದರೆ ಒಳ್ಳೆಯತನದಿಂದ ಕಚೇರಿಯ ಬಾಗಿಲು ತೆರೆಯುವುದಿಲ್ಲ. ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಕೈಚೀಲ ಆಕೆಯದು. ಅದರಲ್ಲಿ ಒಂದು ಕಡೆ ಕಾಗದ, ಇನ್ನೊಂದು ಕಡೆ ಕಟಕ ರೊಟ್ಟಿ, ಚಟ್ನಿ. ಮಧ್ಯಾಹ್ನ ಒಂದಾದರೆ ಸಾಹೇಬರ ಕೋಣೆಯ ಎದುರಿಗೇ ಗಂಟು ಬಿಚ್ಚುತ್ತಿದ್ದಳು. ಜವಾನ ಇಲ್ಲಿ ಉಣಬಾರದು ಎಂದರೆ, "ನಿಮ್ಮ ಸಾಹೇಬ್ರು ಊಟಕ್ಕ ಹೋಗಿ ಎರಡ ತಾಸ ಆತು. ನಾ ಕುಂತಲ್ಲೇ ಉಂಡು ನಿಮ್ಮ ಹೊತ್ತ ಉಳಸಾಕತ್ತೇನಿ," ಎನ್ನುತ್ತಿದ್ದಳು.

ಮೊದಲ ತಕರಾರು ಪಾಸ್‌ಪೋರ್ಟಿಗೆ ಹತ್ತಿದ ಕುಂಕುಮದ ಬಗ್ಗೆ. ಸರಕಾರಿ ದಾಖಲೆಯನ್ನು ಕೆಡಿಸಿದ್ದೀರಿ ಎಂದರು. ಆಮೇಲೆ ಮದುವೆಯಾಗಿದ್ದಕ್ಕೆ ಸಾಕ್ಷಿ ಎಲ್ಲಿ ಎಂದರು. ಫೋಟೊ ಕೊಟ್ಟೆವು. ಫೋಟೊ ಯಾರು ಬೇಕಾದರೂ ತೆಗೆಸಿಕೊಳ್ಳುತ್ತಾರೆ ಎಂದರು. ದೊಡ್ಡವ್ವ ವರಾಂಡದಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಿದಳು. "ಸುರಗಿ ನೀರ ಹಾಕಿದ ಐದೂ ಮಂದೀನ ತರತೇನಿ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಸರಕಾರದಾಗ ಐತಿ?" ಎಂದಳು.

ಭಾನುವಾರಗಳಲ್ಲಿ ಬಸ್ಸು ಹತ್ತಿ ಹೊರಟೆವು. ಮುಳಗುಂದದಾಕೆ ಕಾಗದ ಓದದೆಯೇ ಸಹಿ ಹಾಕಿ, ಊಟ ಮಾಡಿಯೇ ಹೋಗಿರಿ ಎಂದು ಕೈ ಹಿಡಿದಳು. ಲಕ್ಷ್ಮೇಶ್ವರದಾಕೆಯ ಗಂಡ ಪೊಲೀಸ್ ಲಫಡಾ ನಮಗೆ ಬೇಡ ಎಂದು ಬಾಗಿಲು ಹಾಕಿಕೊಂಡ. ನಾವು ಬಸ್‌ಸ್ಟ್ಯಾಂಡಿಗೆ ಬಂದು ಕೂತೆವು. ಅರ್ಧ ತಾಸಿಗೆ ಆಕೆ ಕಾಯಿಪಲ್ಲೆ ಚೀಲ ಹಿಡಿದುಕೊಂಡು ಸಂತೆಗೆ ಹೊರಟವಳ ಹಾಗೆ ಬಂದಳು, ನಿಂತಲ್ಲೇ ಸಹಿ ಮಾಡಿದಳು, ಹಿಂದೆ ತಿರುಗಿ ನೋಡದೆ ಹೋದಳು. ಶಿರಹಟ್ಟಿಯಾಕೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಮಾತು ಹೋಗಿತ್ತು. ದೊಡ್ಡವ್ವ ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿ, ಆಮೇಲೆ ಎಣ್ಣೆ ಹಚ್ಚಿ ಆ ಮಸಿಯನ್ನು ಒರೆಸುತ್ತ ಬಹಳ ಹೊತ್ತು ಕೂತಳು. ಮುಂಡರಗಿಗೆ ಹೋದರೆ ಅಲ್ಲಿಯಾಕೆ ಸತ್ತು ಆರು ತಿಂಗಳಾಗಿತ್ತು.

"ಸತ್ತಾಕೀನೂ ಬರಕೊ. ಆಕಿ ನೀರ ಹಾಕಿದ್ದು ಸುಳ್ಳ ಆಗೂದಿಲ್ಲ," ಎಂದಳು. ಬರೆದೆ.

ಆ ಕಾಗದಗಳನ್ನು ಗುಮಾಸ್ತ ಒಂದೊಂದಾಗಿ ಓದಿದ. ಚಿಕ್ಕ ವಯಸ್ಸಿನವನು, ಹೊಸದಾಗಿ ಮದುವೆಯಾದವನು; ಮೇಜಿನ ಗಾಜಿನ ಕೆಳಗೆ ಮದುವೆಯ ಫೋಟೊ ಇಟ್ಟುಕೊಂಡಿದ್ದ. "ಇವ್ರೆಲ್ಲಾ ಗಂಗಾ ಅನ್ನಾಕಿ ಮದುವಿಗೆ ಸಾಕ್ಷಿ ಹೇಳ್ಯಾರ. ನಿಲ್ಮಿಣಿ ಮದುವಿಗೆ ಸಾಕ್ಷಿ ಎಲ್ಲೈತಿ?" ಎಂದ.

ದೊಡ್ಡವ್ವ ಗಾಜಿನ ಮೇಲೆ ಬಗ್ಗಿ ಫೋಟೊ ನೋಡಿದಳು. "ಛಲೋ ಜೋಡಿ. ಹೆಂಡ್ತಿ ಹೆಸರೇನ್ರಿ ಸಾಹೇಬ್ರ?"

ಅವನು ಮುಖ ಅರಳಿಸಿ ಹೆಸರು ಹೇಳಿದ.

"ತವರಮನ್ಯಾಗ ಏನಂತಿದ್ರು?"

ಅವನ ಮುಖ ಕೆಳಗಾಯಿತು. ಆಮೇಲೆ ಮೆಲ್ಲಗೆ ಇನ್ನೊಂದು ಹೆಸರು ಹೇಳಿದ.

"ಹಂಗಾದ್ರ ನಿಮ್ಮ ಹೆಂಡ್ತೀನೂ ಖೊಟ್ಟಿ ಏನ್ರಿ?"

ಇಡೀ ಕೋಣೆ ನಕ್ಕಿತು. ಅವನೂ ನಕ್ಕ. ನಕ್ಕು, ಅವಳು ಇಲ್ಲಿಯವಳಲ್ಲವೇ ಅಜ್ಜಿ ಎಂದು ಹೇಳಿ, ಕಾಗದಗಳನ್ನೆಲ್ಲ ಜೋಡಿಸಿ ವಾಪಸು ಕೊಟ್ಟ. ನಮ್ಮ ದೇಶದಲ್ಲಿ ನಗುವವರು ಬಹಳ. ನಕ್ಕ ಮೇಲೆ ಸಹಿ ಮಾಡುವವರು ಇಲ್ಲ.

ಒಂದು ದಿನ ಓಣಿಯಲ್ಲಿ ಪೊಲೀಸ್ ಜೀಪು ಬಂದು ನಿಂತು ಗಂಗಾಳನ್ನು ಏನೇನೋ ಕೇಳಿ ಹೋಯಿತು. ಅಷ್ಟೇ ಸಾಕಾಯಿತು. ಮದುವೆಯ ಹಂದರದಲ್ಲಿ ಉಂಡವರೇ ಬಾಗಿಲು ಮುಚ್ಚಿದರು. ಎದುರು ಮನೆಯಾಕೆ ನಲ್ಲಿಯ ಹತ್ತಿರ, ಯಾವ ದೇಶದ ಗೂಢಚಾರಿಣಿಯೋ ಯಾರಿಗೆ ಗೊತ್ತು ಎಂದಳಂತೆ. ದೊಡ್ಡವ್ವ ಕೊಡ ಕೆಳಗಿಟ್ಟು ಅವಳ ಮನೆಯ ಮುಂದೆ ಹೋಗಿ ನಿಂತಳು. "ಏಯ್, ಎಂಟ ಹೋಳಿಗಿ ಉಂಡಿದ್ದೆಲ್ಲ, ಒಂಬತ್ತನೇದ್ದು ಸೆರಗಿನ್ಯಾಗ ಕಟಗೊಂಡ ಹೋಗಿದ್ದೆಲ್ಲ, ಆವಾಗ ಯಾವ ದೇಶದಾಕಿ ಅಂತ ಕೇಳಲಿಲ್ಲ ಯಾಕ?" ಓಣಿಗೆಲ್ಲ ಕೇಳಿಸಿತು. ಆಮೇಲೆ ಮನೆಗೆ ಬಂದು ಮಗ್ಗದ ಕುಣಿಯಲ್ಲಿಳಿದು, ಲಾಳಿ ಮುಟ್ಟದೆ ಸುಮ್ಮನೆ ಕೂತಿದ್ದಳು. ಅಷ್ಟು ದಣಿದದ್ದನ್ನು ನಾನು ಅದೇ ಮೊದಲು ನೋಡಿದೆ.

ಕೊನೆಗೆ ಒಳಗಿನ ಕೋಣೆಯ ಸಾಹೇಬರು ನಮ್ಮನ್ನು ಕರೆದರು. ಕೂಗಾಡಲಿಲ್ಲ, ಕುರ್ಚಿ ಕೊಟ್ಟರು. ಎರಡು ದಾರಿ ಇವೆ ಎಂದರು. ಆಧಾರ್, ರೇಷನ್ ಕಾರ್ಡು ಖೊಟ್ಟಿ ಮಾಡಿಸಿದ್ದಕ್ಕೆ ಸೊಸೆಯ ಮೇಲೆ ಕೇಸು. ಕೇಸು ಮುಗಿಯುವವರೆಗೆ ಅವಳನ್ನು ಎಲ್ಲಿ ಇಡುತ್ತಾರೋ ಹೇಳಲಾಗದು. ಇಲ್ಲದಿದ್ದರೆ ಅತ್ತೆಯೇ ಬರೆದುಕೊಡಬೇಕು: ಗಂಗಾ ಎಂಬುದು ಸುಳ್ಳು ಹೆಸರು, ಅದನ್ನು ಕೊಟ್ಟವಳು ನಾನು, ಸೊಸೆಗೆ ಏನೂ ತಿಳಿಯದು. ಆ ಹೆಸರಿನ ಕಾರ್ಡುಗಳೆಲ್ಲ ರದ್ದು. ಸೊಸೆ ದಂಡ ಕಟ್ಟಿ ದೇಶ ಬಿಡಬೇಕು, ಅಲ್ಲಿಂದ ನಿಲ್ಮಿಣಿ ಎಂಬ ಹೆಸರಲ್ಲಿ ಹೆಂಡತಿಗೆ ಕೊಡುವ ವೀಸಾ ಕೇಳಬೇಕು. ಕೊಟ್ಟರೆ ಬರಬಹುದು.

"ಕೊಟ್ರ?" ಎಂದಳು ದೊಡ್ಡವ್ವ. ಸಾಹೇಬರು ಗಡಿಯಾರ ನೋಡಿಕೊಂಡರು.

ಅಫಿಡವಿಟ್ಟು ಟೈಪು ಮಾಡಿದವಳೂ ನಾನೇ. ಮೊದಲ ಸಲ 'ಪದ್ಧತಿಯಂತೆ ಇಟ್ಟ ಹೆಸರು' ಎಂದು ಬರೆದೆ. ವಾಪಸು ಬಂತು. 'ತಿಳಿಯದೆ ಕೊಟ್ಟ ಹೆಸರು' ಎಂದು ಬರೆದೆ. ಅದೂ ವಾಪಸು. ಸುಳ್ಳು ಎಂಬ ಶಬ್ದವೇ ಬೇಕಂತೆ. ಮೂರನೆಯ ಸಲ ಬರೆದೆ. ದೊಡ್ಡವ್ವ ನಾಲ್ಕನೇ ಇಯತ್ತೆ ಓದಿದವಳು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅಕ್ಷರ ಅಕ್ಷರ ಕೂಡಿಸಿ ಓದುತ್ತ ಬಂದು ಆ ಶಬ್ದದ ಮೇಲೆ ಬೆರಳಿಟ್ಟಳು.

"ಇದನ್ನ ತಗಿ."

"ತಗದ್ರ ತೊಗೊಳ್ಳಂಗಿಲ್ಲ ದೊಡ್ಡವ್ವಾ."

"ಐದು ಮಂದಿ ಎದುರಿಗೆ, ಅಕ್ಕಿ ಕಾಳಿನ್ಯಾಗ ಬರಸೇನಿ. ಸುಳ್ಳ ಹೆಂಗ ಆಕ್ಕೈತಿ?"

ಆಕೆ ಬೆರಳು ತೆಗೆಯಲಿಲ್ಲ. ಆಮೇಲೆ ನನ್ನನ್ನೇ ನೋಡಿ, "ಹೆಸರ ಇಟ್ಟಾಕಿ ನಾನು. ಸುಳ್ಳ ಅಂತ ಬರದಾಕಿ ನೀನು. ನೆನಪ ಇಟ್ಕೊ," ಎಂದಳು. ನೆನಪಿಟ್ಟುಕೊಂಡಿದ್ದೇನೆ. ಹೆಬ್ಬೆಟ್ಟು ಸಾಕು ಎಂದು ಮಸಿಯ ಡಬ್ಬಿ ಮುಂದಿಟ್ಟರೆ ಅದನ್ನು ಅತ್ತ ಸರಿಸಿದಳು. "ಪೆನ್ನ ಕೊಡು. ಸುಳ್ಳ ಹೇಳೂದಾದ್ರ ಪೂರ್ತಿ ಹೆಸರ ಬರದ ಹೇಳ್ಬೇಕು." ತನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು ಮೂರನ್ನೂ ಬರೆಯಲು ಆಕೆಗೆ ಬಹಳ ಹೊತ್ತು ಹಿಡಿಯಿತು.

ಗಂಗಾ ಹೊರಟ ದಿನ ದೊಡ್ಡವ್ವ ಅವಳ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ತಾನೇ ನೇಯ್ದ ಖಣ. ಈ ಕಾಳುಕಡಿಯನ್ನೆಲ್ಲ ವಿಮಾನದಲ್ಲಿ ಬಿಡುವುದಿಲ್ಲ ಎಂದು ಈರಣ್ಣ ಗೊಣಗಿದ. "ಬಿಡಲಿಲ್ಲಂದ್ರ ಅಲ್ಲೇ ಅವ್ರ ಮುಂದ ಚೆಲ್ಲಿ ಹೋಗಲಿ. ಆಕಿ ತವರಿಗೆ ಹೊಂಟಾಳ. ದೇಶಾ ಬಿಟ್ಟ ಹೊಂಟಿಲ್ಲ," ಎಂದಳು. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಓಣಿಯ ಕೊನೆಯವರೆಗೆ ಬಂದಳು. "ಹೋಗಿ ಬಾ," ಎಂದಳು. ಬಾ ಎನ್ನುವುದನ್ನು ಎರಡು ಸಲ ಹೇಳಿದಳು.

ಹೆಂಡತಿಯ ವೀಸಾಕ್ಕೆ ಅರ್ಜಿ ಟೈಪು ಮಾಡಿ ಕಳಿಸಿದೆ. ಆಮೇಲಿನದು ಕಾಯುವುದು. ದಿನಾ ಸಂಜೆ ನನ್ನ ಫೋನಿನಲ್ಲಿ ವಿಡಿಯೊ ಕಾಲ್. ಅಜ್ಜಿಯ ಹತ್ತಿರವೇ ಉಳಿದಿದ್ದ ಮೊಮ್ಮಗಳು ತಾಯಿಗೆ ಹಲ್ಲು ಬಿದ್ದದ್ದನ್ನು ತೋರಿಸುತ್ತಿದ್ದಳು. ದೊಡ್ಡವ್ವ ಮಗ್ಗದ ಮೇಲಿನ ಸೀರೆಯ ಸೆರಗು ಎಷ್ಟು ಬಂತೆಂದು ತೋರಿಸುತ್ತಿದ್ದಳು. ಮನೆಯ ಮಾಲೀಕಳ ಹೇಳಿಕೆಗೆ ಪೊಲೀಸರು ಬರುತ್ತಾರೆ ಎಂದು ಯಾರೋ ಹೇಳಿದ್ದೇ ಸರಿ, ಆಕೆ ಸೀರೆ ಮಾರಲು ಊರಿಗೆ ಹೋಗುವುದನ್ನೂ ಬಿಟ್ಟಳು. ತಾನಿಲ್ಲದಾಗ ಬಂದು ಹೋದರೆ ಎಂಬ ಅಂಜಿಕೆ. ಬೀಗರ ಮದುವೆಗೂ ಹೋಗಲಿಲ್ಲ. ಹೊಸ್ತಿಲಲ್ಲಿ ಚಾಪೆ ಹಾಸಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಖಾಕಿ ಬಣ್ಣ ಕಂಡರೆ ಎದ್ದು ನಿಲ್ಲುತ್ತಿದ್ದಳು. ಟಪಾಲಿನವನಿಗೆ ನಿತ್ಯ ಎದ್ದು ನಿಂತಳು.

ಹತ್ತನೆಯ ತಿಂಗಳಲ್ಲಿ ಜ್ವರ ಬಂತು. ಆಸ್ಪತ್ರೆಗೆ ಹೋಗೋಣ ಎಂದರೆ, ಇವತ್ತು ಬರಬಹುದು, ನಾಳೆ ಹೋಗೋಣ ಎಂದಳು. ಎರಡು ನಾಳೆಗಳಾದವು. ಮೂರನೆಯದಕ್ಕೆ ಎತ್ತಿಕೊಂಡೇ ಹೋದೆವು, ತಡವಾಗಿತ್ತು. ಮಣ್ಣು ಕೊಡುವಾಗ ನಾನು ಫೋನು ಹಿಡಿದು ನಿಂತಿದ್ದೆ. ಅಲ್ಲಿ ಸಮುದ್ರದಾಚೆ ಗಂಗಾ ಕೈಯಲ್ಲಿ ನೀರಿನ ಚರಿಗೆ ಹಿಡಿದು ಕೂತಿದ್ದಳು, ಅತ್ತೆಯ ಬಾಯಿಗೆ ಬಿಡಲು ಆಗದ ನೀರು. ಸಿಗ್ನಲ್ಲು ಹೋಗಿ ಹೋಗಿ ಬರುತ್ತಿತ್ತು. ನನಗೆ ಅಳು ಬರಲಿಲ್ಲ. ಆ ಫೋನನ್ನು ಯಾರ ಹಣೆಗಾದರೂ ಎಸೆಯಬೇಕು ಅನ್ನಿಸಿತು. ಯಾರ ಹಣೆ ಎಂಬುದೂ ಗೊತ್ತಿತ್ತು.

ನಾಲ್ಕು ದಿನದ ಮೇಲೆ ಆ ಪೊಲೀಸಿನವ ಬಂದ. ಒಂದು ವಾರದ ಮೇಲೆ ಕಾಗದ ಬಂತು: ಮಾಲೀಕರು ಮೃತರಾಗಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ. ಸತ್ತವಳ ಮೇಲೂ ಒಂದು ತಪ್ಪು ಹೊರಿಸಿದರು, ಸತ್ತದ್ದು. ಮನೆಯನ್ನು ಈರಣ್ಣನ ಹೆಸರಿಗೆ ಮಾಡಿಸಿ, ಎಲ್ಲವನ್ನೂ ಮೊದಲಿನಿಂದ ಟೈಪು ಮಾಡಿ ಕಳಿಸಿದೆ. ಈ ಸಲ ಈರಣ್ಣ ತಾನೇ ಹೋಗಿ ಆ ವರಾಂಡದಲ್ಲಿ ಕೂತ. ತಾಯಿಯ ಕೈಚೀಲ ಹಿಡಿದುಕೊಂಡು ಹೋಗಿದ್ದ, ರೊಟ್ಟಿಯನ್ನೂ ಅಲ್ಲಿಯೇ ಉಂಡನಂತೆ. ಅವನಿಗೆ ಆ ಧೈರ್ಯ ಬರಲು ಆಕೆ ಸಾಯಬೇಕಾಯಿತು ಎಂದು ಅವನ ಮೇಲೂ ನನಗೆ ಸಿಟ್ಟಿದೆ.

ಹೋದ ತಿಂಗಳು ಗಂಗಾ ಬಂದಳು. ವೀಸಾದಲ್ಲಿ ನಿಲ್ಮಿಣಿ ಎಂದಿದೆ, ಇರಲಿ; ನಾನು ಗಂಗಾ ಎಂದೇ ಕೂಗಿದೆ. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತಿದ್ದರು. ಒಂಬತ್ತು ಹೋಳಿಗೆಯಾಕೆಯೂ ನಿಂತಿದ್ದಳು. ಮುಳಗುಂದದಿಂದ ಒಬ್ಬಳು, ಲಕ್ಷ್ಮೇಶ್ವರದಿಂದ ಒಬ್ಬಳು, ಸುರಗಿಯ ಇಬ್ಬರು ಬಂದಿದ್ದರು. ಲಕ್ಷ್ಮೇಶ್ವರದಾಕೆ ಈ ಸಲ ಗಂಡನನ್ನೂ ಕರೆತಂದಿದ್ದಳು. ಮೊಮ್ಮಗಳು ಓಡಿ ಬಂದು ತಾಯಿಯನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆವು. ಅವಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಒಡಪ ಹೇಳು. ಹಂಗ ಬಿಡಬ್ಯಾಡ ಅಂದಾಳ ಆಯಿ."

ಆಯಿ ಎಂದರೆ ಅಜ್ಜಿ; ದೊಡ್ಡವ್ವ ಕಲಿಸಿಟ್ಟು ಹೋಗಿದ್ದಳು. ಗಂಗಾ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ನಮ್ಮಲ್ಲಿ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಾದರೂ ಹೇಳುತ್ತಾಳೆ. ಅತ್ತೆಯ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಅವಳು ಈ ಸಲ ಕಣ್ಣು ಮುಚ್ಚಲಿಲ್ಲ. ಮಗ್ಗಕ್ಕ ಬೇಕು ಹಾಸು, ಲಾಳಿಗಿ ಬೇಕು ಹೊಕ್ಕು ಎಂದು ಶುರು ಮಾಡಿ, ಈರಣ್ಣ ಎನ್ನಬೇಕಾದ ಜಾಗದಲ್ಲಿ ಅತ್ತೆಯ ಹೆಸರಿಟ್ಟಳು. ಅಫಿಡವಿಟ್ಟಿನ ಕೆಳಗೆ ಇದ್ದ ಹಾಗೆ ಪೂರ್ತಿ, ಮೂರೂ ಹೆಸರು. ಆಮೇಲೆ, ಆಕೆಯ ಮನಿ ಹೊಸ್ತಲಾ ದಾಟೂದು ನನ್ನ ಹಕ್ಕು ಎಂದಳು. ಹಂದರವೂ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಕಾಗದಗಳ ಮೇಲೆ ಅದನ್ನು ಟೈಪು ಮಾಡಿದ್ದೇನೆ. ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ನೋಡಿ, ಇದಕ್ಕೆ ಸಾಕ್ಷಿ ಏನು ಎಂದು ಕೇಳಿದ್ದಾರೆ. ಅವತ್ತು ಹೊಸ್ತಿಲಲ್ಲಿ ಯಾರೂ ಕೇಳಲಿಲ್ಲ. ಮೊಮ್ಮಗಳು ಕೈ ಇಳಿಸಿ ದಾರಿ ಬಿಟ್ಟಳು.